ಬಂಡೆ ಏರುವ ಹಗ್ಗ

ಚಾಲುಕ್ಯರ ಗುಹಾದೇವಾಲಯಗಳಿಂದ ಪ್ರಸಿದ್ಧವಾದ ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳು ಇಂದು ಶಿಲಾರೋಹಣಕ್ಕೂ ಹೆಸರಾಗಿವೆ. ಆರೋಹಿಯು ತನ್ನ ಕೈಕಾಲುಗಳ ಬಲದಿಂದಲೇ ಮೇಲೇರುತ್ತಾನೆ. ಆದರೆ ಹಿಡಿತ ತಪ್ಪಿದ ಕ್ಷಣದಲ್ಲಿ ಅವನನ್ನು ಕಾಯುವುದು ಸೊಂಟಕ್ಕೆ ಬಿಗಿದ ಹಗ್ಗ. ಬಾವಿಯ ಹಗ್ಗ ಹರಿದರೆ ಕೊಡ ಹೋದೀತು; ಈ ಹಗ್ಗ ಹರಿದರೆ ಪ್ರಾಣವೇ ಹೋದೀತು. ಆದುದರಿಂದ ಇದರ ಬಾಳಿಕೆಯು ವಿಚಾರಾರ್ಹವಾದುದು.

ಈ ಹಗ್ಗವನ್ನು ನೈಲಾನ್ ಎಳೆಗಳಿಂದ ತಯಾರಿಸುತ್ತಾರೆ. ಇದರಲ್ಲಿ ಎರಡು ಭಾಗಗಳುಂಟು. ಒಳಗಿನ ತಿರುಳು ಭಾರದ ಬಹುಪಾಲನ್ನು ಹೊರುತ್ತದೆ; ಒತ್ತಾಗಿ ಹೆಣೆದ ಹೊದಿಕೆಯು ತಿರುಳನ್ನು ರಕ್ಷಿಸುತ್ತದೆ. ಆರೋಹಿ ಬಿದ್ದಾಗ ಹಗ್ಗವು ಹಿಗ್ಗಿ, ಬೀಳುವಿಕೆಯ ಆಘಾತವನ್ನು ತಗ್ಗಿಸುತ್ತದೆ.

ಆದರೆ ನೈಲಾನ್ ನೀರನ್ನು ಹೀರುತ್ತದೆ. ಸಾಮಾನ್ಯ ಹಗ್ಗವು ತನ್ನ ತೂಕದ ಶೇಕಡಾ 40ರಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರನ್ನು ತುಂಬಿಕೊಳ್ಳಬಲ್ಲದು. ಆಗ ಅದು ಭಾರವಾಗುವುದಲ್ಲದೆ, ಅದರ ತಾಳಿಕೆಯೂ ಕುಂದುತ್ತದೆ. ಒದ್ದೆಯಾದ ಹಗ್ಗವು ಒಣಗಿದ ಹಗ್ಗಕ್ಕಿಂತ ಬಹಳ ಕಡಿಮೆ ಸಂಖ್ಯೆಯ ಬೀಳುವಿಕೆಗಳನ್ನು ಮಾತ್ರ ತಡೆಯುತ್ತದೆಂದು ಪ್ರಯೋಗಗಳು ತೋರಿಸಿವೆ. ಇದಕ್ಕೆ ಪರಿಹಾರವಾಗಿ ಎಳೆಗಳಿಗೆ ನೀರು ಅಂಟದಂತೆ ಲೇಪವನ್ನು ಕೊಡುತ್ತಾರೆ. ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ ಮಾನದಂಡದಂತೆ, ಇಂತಹ ಹಗ್ಗವು ಹೀರುವ ನೀರು ಅದರ ತೂಕದ ಶೇಕಡಾ 5ನ್ನು ಮೀರಬಾರದು. ಹಿಮಾಲಯದ ಹಿಮದಲ್ಲಿ ಇದು ಅತ್ಯಾವಶ್ಯಕ. ಏಕೆಂದರೆ ಅಲ್ಲಿ ನೆನೆದ ಹಗ್ಗವು ಹೆಪ್ಪುಗಟ್ಟಿ ಕೋಲಿನಂತೆ ಸೆಟೆಯುತ್ತದೆ.

ಬಾದಾಮಿಯ ಪರಿಸ್ಥಿತಿ ಬೇರೆ. ಇಲ್ಲಿ ಜನರು ಬಂಡೆ ಏರುವುದು ಹೆಚ್ಚಾಗಿ ಒಣ ಹವೆಯ ಚಳಿಗಾಲದಲ್ಲಿ. ಮಳೆಯಲ್ಲಿ ನೆನೆದ ಮರಳುಗಲ್ಲಿನ ಬಲವೇ ಕುಂದುವುದರಿಂದ, ಬಂಡೆ ಆರುವವರೆಗೆ ಕಾಯುವುದು ಕ್ಷೇಮ. ಇಲ್ಲಿ ಹಗ್ಗದ ಮುಖ್ಯ ಶತ್ರು ನೀರಲ್ಲ, ಮರಳು. ಬಂಡೆಯ ಒರಟು ಅಂಚು ಹೊದಿಕೆಯನ್ನು ಸವೆಸುತ್ತದೆ. ಒಳಸೇರಿದ ಮರಳಿನ ಕಣಗಳು ಎಳೆಗಳನ್ನು ಮೆಲ್ಲಮೆಲ್ಲನೆ ಕೊಯ್ಯುತ್ತವೆ. ಲೇಪವು ಧೂಳನ್ನು ಸ್ವಲ್ಪಮಟ್ಟಿಗೆ ತಡೆಯುವುದು ನಿಜ. ಆದರೆ ಉಜ್ಜುವಿಕೆಯಿಂದ ಹೊದಿಕೆಯ ಮೇಲಿನ ಲೇಪವೇ ಕ್ರಮೇಣ ಅಳಿದುಹೋಗುತ್ತದೆ. ಬಂಡೆಯ ಹರಿತವಾದ ಅಂಚಿನ ಮುಂದೆ ಲೇಪವಿದ್ದ ಹಗ್ಗವೂ ಇಲ್ಲದ ಹಗ್ಗವೂ ಒಂದೇ.

ಹೀಗಿರುವಾಗ ಹಗ್ಗದ ಆಯುಷ್ಯವು ಬಳಸುವವನ ಎಚ್ಚರವನ್ನು ಅವಲಂಬಿಸಿದೆ. ಹಗ್ಗವನ್ನು ಬಟ್ಟೆಯ ಮೇಲೆ ಹರಡಬೇಕು, ತುಳಿಯಬಾರದು. ಕೊಳೆಯಾದರೆ ಶುದ್ಧ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಪ್ರತಿಸಲವೂ ಏರುವ ಮೊದಲು ಅದನ್ನು ತುದಿಯಿಂದ ತುದಿಯವರೆಗೆ ಬೆರಳುಗಳ ನಡುವೆ ಹಾಯಿಸಿ ಪರೀಕ್ಷಿಸಬೇಕು. ಎಲ್ಲಿಯಾದರೂ ಹಗ್ಗ ಮೆತ್ತಗಾಗಿದ್ದರೆ, ಚಪ್ಪಟೆಯಾಗಿದ್ದರೆ ಅಥವಾ ತಿರುಳು ಕಾಣಿಸಿದರೆ, ಬೆಲೆಯನ್ನು ಲೆಕ್ಕಿಸದೆ ಅದನ್ನು ಕೈಬಿಡಬೇಕು. ಹೊಸ ಹಗ್ಗವನ್ನು ಕೊಳ್ಳಬಹುದು. ಹೋದ ಪ್ರಾಣವನ್ನು ಕೊಳ್ಳಲಾಗದು.