ಹೆರಿಗೆ ಕೋಣೆಯ ಮೊದಲ ನೌಕರಿ: ಊರು ಬಿಡಬೇಕೆ?

ವಿಮಾನಪುರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಪ್ಪ ಎಚ್‌ಎಎಲ್ ಕಾರ್ಖಾನೆಯಿಂದ ನಿವೃತ್ತರಾದವರು. ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಮಾಡಿದರೆ ಹೆರಿಗೆ ವಿಭಾಗದಲ್ಲೇ ಕೆಲಸ ಎಂದು ಹಟ ಹಿಡಿದವಳು. ಮೇಜಿನ ಮೇಲೆ ಸಂದರ್ಶನಕ್ಕೆ ಕರೆದ ಎರಡು ಪತ್ರಗಳಿವೆ. ಒಂದು ಇಂದಿರಾನಗರದ ಖಾಸಗಿ ನರ್ಸಿಂಗ್ ಹೋಂನದು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಇನ್ನೊಂದು ಸುಮಾರು 500 ಕಿಲೋಮೀಟರ್ ದೂರದ ಯಾದಗಿರಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯ ಗುತ್ತಿಗೆ ಹುದ್ದೆಯದು. ‘ಅಷ್ಟು ದೂರ ಒಬ್ಬಳೇ ಹೋಗಿ ಏನು ಮಾಡ್ತೀಯಮ್ಮ? ಇಲ್ಲೇ ಸಿಗೋ ಹಾಗಿದೆಯಲ್ಲ’ ಎನ್ನುತ್ತಾರೆ ಅಮ್ಮ. ಅಪ್ಪ ಮಾತಾಡುವುದಿಲ್ಲ.

ಇಂಥ ಮಾತುಕತೆ ನಾಡಿನ ಎಷ್ಟೋ ಮನೆಗಳಲ್ಲಿ ನಡೆಯುವಂಥದು. ಸಾಮಾನ್ಯವಾಗಿ ಅದು ಎರಡೇ ಅಳತೆಗಳಲ್ಲಿ ಮುಗಿಯುತ್ತದೆ: ಊರು ಎಷ್ಟು ದೂರ, ಸಂಬಳ ಎಷ್ಟು? ಮೂರನೆಯ ಅಳತೆಯೊಂದಿದೆ. ಆ ಕೆಲಸದಲ್ಲಿ ಮಗಳ ಕೈ ಪಳಗುತ್ತದೆಯೆ?

ಕೈಯಿಂದ ಕಲಿಯುವ ವಿದ್ಯೆ

ನರ್ಸಿಂಗ್ ಓದಿದವರು ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದಾಗ ಶುಶ್ರೂಷಕಿ ಮತ್ತು ಸೂಲಗಿತ್ತಿ ಎರಡೂ ಆಗಿಯೇ ನೋಂದಣಿಯಾಗುತ್ತಾರೆ. ಆದರೆ ಪ್ರಮಾಣಪತ್ರ ಬೇರೆ, ಕೈಗುಣ ಬೇರೆ. ನಗರದ ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುವವರು ವೈದ್ಯರು; ನರ್ಸ್ ಸಿದ್ಧತೆ ಮಾಡಿ ನೆರವಾಗುತ್ತಾಳೆ. ಸಹಜ ಹೆರಿಗೆಗಳು ಹೆಚ್ಚಿರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಹಲವು ಕಡೆ ನರ್ಸ್ ತಾನೇ ಮಗುವನ್ನು ಕೈಯಲ್ಲಿ ಹಿಡಿಯುತ್ತಾಳೆ. ಎರಡೂ ಗೌರವದ ಕೆಲಸವೇ. ಆದರೆ ದಡದಲ್ಲಿ ನಿಂತು ಈಜು ಕಲಿತವರಿಲ್ಲ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಬಹುದು. ಕಾಲೇಜು ಕಾಣದ ಆ ತಾಯಿ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಕಲಿತು, ಕಾಸು ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಇಂದಿನ ಹುಡುಗಿಗೆ ವಿಜ್ಞಾನದ ಓದೂ ಬೇಕು, ಹಾಗೆ ಪಕ್ಕದಲ್ಲಿ ನಿಲ್ಲುವ ಹಿರಿಯ ಕಣ್ಣೂ ಬೇಕು.

ಸಂದರ್ಶನದಲ್ಲಿ ಕೇಳುವುದೇನು?

‘ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಏನು ಮಾಡುತ್ತೀರಿ?’ ಇದು ಬಂದೇ ಬರಬಹುದಾದ ಪ್ರಶ್ನೆ. ‘ಡಾಕ್ಟರನ್ನು ಕರೆಯುತ್ತೇನೆ’ ಎಂಬ ಉತ್ತರ ಸರಿ. ಆದರೆ ಅರ್ಧ ಮಾತ್ರ ಸರಿ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿಟ್ಟುಕೊಂಡ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದಿರುತ್ತದೆ. ಗರ್ಭಕೋಶದ ಸ್ನಾಯು ಬಿಗಿಯಾಗಿ ಕುಗ್ಗಿ ಆ ನಾಳಗಳನ್ನು ಹಿಂಡಿದರೆ ಮಾತ್ರ ರಕ್ತ ನಿಲ್ಲುತ್ತದೆ. ಅದಕ್ಕಾಗಿಯೇ ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ಸ್ನಾಯುವಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುವ ಕ್ರಮವಿದೆ. ಆಮೇಲೂ ರಕ್ತ ಹರಿದರೆ ಸಹಾಯಕ್ಕೆ ಕೂಗಬೇಕು, ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ನೀವಬೇಕು, ಮಾಸು ಪೂರ್ತಿ ಬಂದಿದೆಯೆ, ಮೂತ್ರಕೋಶ ತುಂಬಿದೆಯೆ ಎಂದು ನೋಡಬೇಕು, ಡ್ರಿಪ್ ಹಾಕಬೇಕು. ‘ಏಕೆ’ ಎಂಬುದನ್ನು ಬಲ್ಲವಳಿಗೆ ‘ಏನು’ ಎಂಬುದು ಗಾಬರಿಯಲ್ಲೂ ಮರೆಯುವುದಿಲ್ಲ.

ಎರಡನೆಯದು, ‘ಮಗು ಅಳದಿದ್ದರೆ?’ ಒರೆಸಿ, ಬೆಚ್ಚಗಿಟ್ಟು, ಬೆನ್ನು ಉಜ್ಜಿ ಎಚ್ಚರಿಸಬೇಕು. ಆಗಲೂ ಉಸಿರಾಡದಿದ್ದರೆ ಮೊದಲ ಒಂದು ನಿಮಿಷದೊಳಗೆ ಚೀಲ ಮತ್ತು ಮುಖಗವಸಿನಿಂದ ಉಸಿರು ಕೊಡಲು ಆರಂಭಿಸಬೇಕು.

ಮೂರನೆಯದು ಪಾರ್ಟೋಗ್ರಾಫ್. ಹೈಸ್ಕೂಲಿನಲ್ಲಿ ‘ಈ ಗ್ರಾಫ್ ಯಾಕೆ ಕಲಿಯಬೇಕು?’ ಎಂದು ಗೊಣಗುವ ಮಕ್ಕಳು ಇದನ್ನು ಗಮನಿಸಬೇಕು. ಅಡ್ಡ ಗೆರೆಯಲ್ಲಿ ಗಂಟೆಗಳು, ಲಂಬ ಗೆರೆಯಲ್ಲಿ ಗರ್ಭಕಂಠ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂಬ ಅಳತೆ. ಬಿಂದುಗಳನ್ನು ಕೂಡಿಸಿದ ಗೆರೆ ಎಚ್ಚರಿಕೆಯ ರೇಖೆಯ ಬಲಕ್ಕೆ ಜಾರಿದರೆ ಹೆರಿಗೆ ನಿಧಾನವಾಗುತ್ತಿದೆ ಎಂದು ಅರ್ಥ. ದೊಡ್ಡಾಸ್ಪತ್ರೆಗೆ ಕಳಿಸಬೇಕೆ ಎಂದು ಯೋಚಿಸಬೇಕಾದದ್ದು ಆಗಲೇ. ತಾಯಿ ಸೋತ ಮೇಲಲ್ಲ.

ಹುಡುಗಿಯೂ ಕೇಳಬೇಕು

ಸಂದರ್ಶನವೆಂದರೆ ಒಂದು ಕಡೆಯವರ ಪರೀಕ್ಷೆಯಲ್ಲ. ತಿಂಗಳಿಗೆ ಎಷ್ಟು ಸಹಜ ಹೆರಿಗೆ? ಅವನ್ನು ಮಾಡಿಸುವವರು ಯಾರು? ರಾತ್ರಿ ಪಾಳಿಯಲ್ಲಿ ಹೊಸಬಳ ಜೊತೆಗೆ ಹಿರಿಯ ನರ್ಸ್ ಇರುತ್ತಾರೆಯೆ? ತುರ್ತು ಬಂದರೆ ಸಿಸೇರಿಯನ್ ಮಾಡುವ ಆಸ್ಪತ್ರೆ ಎಷ್ಟು ದೂರ? ಆಕ್ಸಿಟೋಸಿನ್ ಬಿಸಿಲಿಗೆ ಕೆಡುವ ಔಷಧ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ‘ಕರೆಂಟು ಹೋದಾಗ ಫ್ರಿಜ್ಜಿನ ಗತಿಯೇನು ಸಾರ್?’ ಎಂದು ವಿನಯದಿಂದ ಕೇಳಿದ ಹುಡುಗಿಯನ್ನು ಯಾವ ಸಂದರ್ಶಕರೂ ಹಗುರವಾಗಿ ಕಾಣಲಾರರು.

ತಂದೆ ತಾಯಿಗಳಿಗೂ ಕೆಲಸವಿದೆ. ಒಮ್ಮೆ ಹೋಗಿ ಕಣ್ಣಾರೆ ನೋಡಿ ಬರಲಿ: ವಸತಿ ಎಲ್ಲಿ, ನೀರಿದೆಯೆ, ರಾತ್ರಿ ಪಾಳಿಗೆ ನಡೆಯುವ ದಾರಿಯಲ್ಲಿ ದೀಪವಿದೆಯೆ? ಗುತ್ತಿಗೆ ಎಷ್ಟು ತಿಂಗಳದು, ಸಂಬಳ ಯಾವ ದಿನ ಬರುತ್ತದೆ ಎಂಬುದನ್ನು ಕಾಗದದಲ್ಲೇ ಓದಲಿ. ಮೂಲ ಪ್ರಮಾಣಪತ್ರಗಳನ್ನು ತೋರಿಸಿ ವಾಪಸು ತರಬೇಕು. ಎಲ್ಲೇ ಆಗಲಿ ಒತ್ತೆ ಇಡಬಾರದು.

‘ರಾತ್ರಿ ನೀವೊಬ್ಬರೇ ನೋಡಿಕೊಳ್ಳಬೇಕು’ ಎಂಬ ಉತ್ತರ ಬಂದರೆ, ಎಷ್ಟೇ ಅನುಭವ ಸಿಗಲಿ, ಹೊಸಬಳು ಅಲ್ಲಿಗೆ ಹೋಗಬಾರದು. ಅದು ಅವಳಿಗೂ ಕ್ಷೇಮವಲ್ಲ, ಬಾಣಂತಿಗೂ ಅಲ್ಲ. ಮನೆ ಹತ್ತಿರದ ನರ್ಸಿಂಗ್ ಹೋಂನಲ್ಲೇ ಕಲಿಸುವ ಹಿರಿಯರಿದ್ದರೆ ದೂರ ಹೋಗುವ ಅಗತ್ಯವೂ ಇಲ್ಲ.

ಇದು ಒಂದು ಮನೆಯ ಪ್ರಶ್ನೆ ಮಾತ್ರವಲ್ಲ. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆ ಇಳಿಕೆಯ ಹಿಂದೆ ಆಸ್ಪತ್ರೆ, ಆಂಬುಲೆನ್ಸುಗಳ ಜೊತೆಗೆ, ತಮ್ಮೂರು ಬಿಟ್ಟು ಬೇರೆ ಊರಲ್ಲಿ ರಾತ್ರಿಯಿಡೀ ಎಚ್ಚರವಿದ್ದ ಎಷ್ಟೋ ಹೆಣ್ಣುಮಕ್ಕಳ ಕೈಗಳೂ ಇವೆ. ಉಳಿದ ಮನೆಗಳಿಗೂ ಅಂಥ ಕೈಗಳೇ ಬೇಕು.

ವಿಮಾನಪುರಕ್ಕೆ ಈ ಸಂಗತಿ ಹೊಸದೇನಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ವಿಮಾನ ಕಾರ್ಖಾನೆ ಆರಂಭಿಸಿದ ಮೇಲೆ ಬೆಳೆದ ಊರು ಇದು. ಕೆಲಸ ಹುಡುಕಿ ಟ್ರಂಕು ಹೊತ್ತು ಬಂದವರೇ ಇದನ್ನು ಕಟ್ಟಿದರು. ಇಲ್ಲಿನ ಬೀದಿಯಲ್ಲಿ ಕನ್ನಡದ ಜೊತೆ ತಮಿಳು, ತೆಲುಗು, ಉರ್ದು ಕೇಳುತ್ತ ಬೆಳೆದ ಹುಡುಗಿಗೆ ಯಾದಗಿರಿಯ ವಾರ್ಡಿನಲ್ಲಿ ಮಾತು ಕಷ್ಟವಾಗಲಾರದು.

ಮತ್ತೆ ಆ ಮನೆಗೆ ಬರೋಣ. ಕೊನೆಗೆ ಅಪ್ಪ ಬಾಯಿ ಬಿಡುತ್ತಾರೆ. ‘ನಾನು ಹಾಸನದಿಂದ ಇಲ್ಲಿಗೆ ಹೊರಟಾಗ ನಮ್ಮಪ್ಪ ಕೇಳಿದ್ದು ಒಂದೇ ಮಾತು: ಅಲ್ಲಿ ಕೆಲಸ ಕಲಿಸ್ತಾರೇನೋ? ನೀನೂ ಎರಡೂ ಕಡೆ ಅದನ್ನೇ ಕೇಳಿಕೊಂಡು ಬಾ ಮಗಳೇ. ಯಾದಗಿರಿಗೆ ನಾನೂ ಜೊತೆಗೆ ಬರ್ತೀನಿ.’

ಅಮ್ಮ ಬುತ್ತಿಗೆ ಏನು ಕಟ್ಟಲಿ ಎಂದು ಕೇಳುತ್ತ ಒಳಗೆ ಹೋಗುತ್ತಾರೆ.