ಕಪಾಟಿನಲ್ಲಿರುವ ಟ್ಯಾಬ್ಲೆಟ್ ನಿಮ್ಮ ಕೈಗೆ ಬರಲಿ

2020ರಲ್ಲಿ ಕೊರೋನಾ ಬಂದು ಶಾಲೆಗಳಿಗೆ ಬೀಗ ಬಿದ್ದಾಗ ಅನೇಕ ಮನೆಗಳಿಗೆ ಟ್ಯಾಬ್ಲೆಟ್ ಬಂತು. ಕೆಲವರು ಸಾಲ ಮಾಡಿ ತಂದರು. ಕೆಲವರಿಗೆ ಗಲ್ಫ್‌ನಲ್ಲಿದ್ದವರು ಕಳಿಸಿಕೊಟ್ಟರು. ಆಮೇಲೆ ಮಕ್ಕಳು ಶಾಲೆಗೆ ಹೋದರು, ಟ್ಯಾಬ್ಲೆಟ್ ಮನೆಯಲ್ಲಿ ಉಳಿಯಿತು. ಈಗ ಅದು ಎಲ್ಲಿದೆ? ಒಂದೋ ಕಪಾಟಿನಲ್ಲಿ ಬಟ್ಟೆಯ ಕೆಳಗೆ, ಇಲ್ಲವೇ ಕಾರ್ಟೂನ್ ನೋಡುವ ಕಿರಿಯ ಮಗುವಿನ ಕೈಯಲ್ಲಿ.

ನಿಮಗೆ ಮದರಂಗಿ ಹಾಕಲು ಬರುತ್ತದೆ. ಕಸೂತಿ ಬರುತ್ತದೆ. ಕೇಕಿನ ಮೇಲೆ ಹೂವು ಬಿಡಿಸುತ್ತೀರಿ. ಮದುವೆಗೆ ಮುಂಚೆ ಕಥೆ ಬರೆಯುತ್ತಿದ್ದವರೂ ನಿಮ್ಮಲ್ಲಿದ್ದೀರಿ. ಆದರೆ ಈ ಕಲೆಗೆ ದಾಖಲೆ ಎಲ್ಲಿದೆ? ಮದರಂಗಿ ಎರಡು ವಾರದಲ್ಲಿ ಅಳಿಸುತ್ತದೆ, ಕೇಕು ಒಂದೇ ಸಂಜೆಗೆ ಮುಗಿಯುತ್ತದೆ. ಇಪ್ಪತ್ತು ವರ್ಷ ನೂರಾರು ಮದುಮಗಳಂದಿರ ಕೈಗೆ ಬಣ್ಣ ತಂದವಳ ಬಳಿ ತೋರಿಸಲು ಹತ್ತು ವಿನ್ಯಾಸಗಳೂ ಇರುವುದಿಲ್ಲ. ಅವುಗಳನ್ನು ಉಳಿಸಿಕೊಳ್ಳಲು ಮನೆಯಲ್ಲಿರುವ ಆ ಟ್ಯಾಬ್ಲೆಟ್ ಸಾಕು. ಅದಕ್ಕೆ ಬೇಕಾದ ಒಳ್ಳೆಯ ಆ್ಯಪ್‌ಗಳು ಉಚಿತವಾಗಿಯೇ ಸಿಗುತ್ತವೆ.

ಗೆರೆ ಎಳೆಯುವವರಿಗೆ

ಮೊದಲ ಬಾರಿ ಚಿತ್ರ ಬಿಡಿಸುವವರು 'ಸ್ಕೆಚ್‌ಬುಕ್'ನಿಂದ ಆರಂಭಿಸಿ. ಆಟೋಡೆಸ್ಕ್ ಕಂಪೆನಿಯ ಬಳಿ ಇದ್ದಾಗ, 2018ರಲ್ಲಿ, ಅದನ್ನು ಎಲ್ಲರಿಗೂ ಉಚಿತಗೊಳಿಸಲಾಯಿತು. 2021ರಿಂದ ಅದು ಪ್ರತ್ಯೇಕ ಸಂಸ್ಥೆಯಾಗಿದೆ. ಕೆಲವು ಹೆಚ್ಚುವರಿ ಸೌಲಭ್ಯಗಳಿಗೆ ಹಣ ಕೇಳುತ್ತದೆಯಾದರೂ ಸಾಮಾನ್ಯ ಕೆಲಸಕ್ಕೆ ಉಚಿತ ಭಾಗವೇ ಸಾಕು. ಪರದೆಯ ತುಂಬ ಬಿಳಿ ಹಾಳೆ, ಅಂಚಿನಲ್ಲಿ ಪೆನ್ಸಿಲುಗಳು. ಗಾಬರಿಯಾಗುವಂಥದ್ದು ಏನೂ ಇಲ್ಲ.

ಜಪಾನಿನ 'ಐಬಿಸ್‌ಪೇಂಟ್ ಎಕ್ಸ್' ಇನ್ನೊಂದು. ನೀವು ಬಿಡಿಸುತ್ತಾ ಹೋದಂತೆ ಅದು ಎಲ್ಲವನ್ನೂ ದಾಖಲಿಸಿಕೊಳ್ಳುತ್ತದೆ. ಚಿತ್ರ ಮುಗಿದ ಮೇಲೆ ಮೊದಲ ಗೆರೆಯಿಂದ ಕೊನೆಯವರೆಗಿನ ಪುಟ್ಟ ವೀಡಿಯೋ ಸಿದ್ಧವಾಗಿರುತ್ತದೆ. ಮದರಂಗಿ ಕಲಿಸುವವರಿಗೆ ಇದು ಬಹಳ ಉಪಯುಕ್ತ. ನಿಮ್ಮ ಮುಖವಾಗಲಿ ಕೈಯಾಗಲಿ ಕಾಣಿಸದೆ ಪಾಠ ತಯಾರಾಗುತ್ತದೆ. ಆದರೆ ಇದರಲ್ಲಿ ಜಾಹೀರಾತುಗಳಿವೆ. ಕೆಲವು ಬ್ರಷ್‌ಗಳು ಜಾಹೀರಾತು ನೋಡಿದ ಮೇಲಷ್ಟೇ ತೆರೆದುಕೊಳ್ಳುತ್ತವೆ.

ಜಾಹೀರಾತೇ ಬೇಡ ಎನ್ನುವವರಿಗೆ 'ಕ್ರಿಟಾ' ಇದೆ. ಜಗತ್ತಿನ ಹಲವೆಡೆಯ ಸ್ವಯಂಸೇವಕರೂ ಸೇರಿ ಬೆಳೆಸಿರುವ ತಂತ್ರಾಂಶ ಇದು. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ಸಿಗುತ್ತದೆ, ಐಪ್ಯಾಡ್‌ಗೆ ಇಲ್ಲ. ತುಂಬಾ ಸೌಲಭ್ಯಗಳಿರುವುದರಿಂದ ಕಲಿಯಲು ತಾಳ್ಮೆ ಬೇಕು. ಹಳೆಯ, ಕಡಿಮೆ ಸಾಮರ್ಥ್ಯದ ಟ್ಯಾಬ್ಲೆಟ್‌ನಲ್ಲಿ ನಿಧಾನವಾಗಬಹುದು.

ದುಬಾರಿ ಪೆನ್ ಬೇಕೆಂದೇನೂ ಇಲ್ಲ. ಬೆರಳೇ ಸಾಕು. ರಬ್ಬರ್ ತುದಿಯ ಅಗ್ಗದ ಪೆನ್ ಕೂಡ ನಡೆಯುತ್ತದೆ.

ಹೀಗೆ ಮಾಡಿ ನೋಡಿ

ಹಾಳೆಯ ಮೇಲೆ ನಿಮ್ಮ ಎಡಗೈ ಇಟ್ಟು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಅದರ ಫೋಟೋ ತೆಗೆದು ಆ್ಯಪ್‌ನಲ್ಲಿ ತೆರೆಯಿರಿ. ಅದರ ಮೇಲೆ ಹೊಸದೊಂದು 'ಲೇಯರ್' ಸೇರಿಸಿ. ಲೇಯರ್ ಎಂದರೆ ಚಿತ್ರದ ಮೇಲೆ ಹಾಸಿದ ಪಾರದರ್ಶಕ ಹಾಳೆಯಂತೆ. ಕೆಳಗಿನ ಕೈಯನ್ನು ಮಸುಕು ಮಾಡಿ, ಮೇಲಿನ ಹಾಳೆಯಲ್ಲಿ ಬಳ್ಳಿ, ಎಲೆ, ಮಾವಿನಕಾಯಿ ಬಿಡಿಸಿ. ತಪ್ಪಿದರೆ ಅಳಿಸಿ, ಕೈಯ ಚಿತ್ರಕ್ಕೆ ಏನೂ ಆಗುವುದಿಲ್ಲ. ಮುಗಿದ ಮೇಲೆ ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರೆ ಬಲಗೈಯ ವಿನ್ಯಾಸವೂ ಸಿದ್ಧ.

ಇದರಲ್ಲಿ ಇನ್ನೊಂದು ಅನುಕೂಲವಿದೆ. ತಮ್ಮ ಕೈಯ ಫೋಟೋ ಪರರ ಮೊಬೈಲಿನಲ್ಲಿ ತಿರುಗಾಡುವುದು ಎಷ್ಟೋ ಮದುಮಗಳಂದಿರಿಗೆ ಇಷ್ಟವಿರುವುದಿಲ್ಲ. ಕೇಳಲು ನಿಮಗೂ ಸಂಕೋಚ. ವಿನ್ಯಾಸವನ್ನು ಚಿತ್ರವಾಗಿಯೇ ತೋರಿಸಿದರೆ ಯಾರ ಫೋಟೋವೂ ಬೇಕಾಗುವುದಿಲ್ಲ.

ಮುದ್ರಿಸುವ ಉದ್ದೇಶವಿದ್ದರೆ ಆರಂಭದಲ್ಲೇ ಹಾಳೆಯ ಅಳತೆ ದೊಡ್ಡದಿರಲಿ. ಎ4 ಹಾಳೆಗೆ 2480 x 3508 ಪಿಕ್ಸೆಲ್ ಇಟ್ಟುಕೊಂಡರೆ ಗೆರೆಗಳು ಸ್ಪಷ್ಟವಾಗಿ ಮೂಡುತ್ತವೆ.

ನಕ್ಷತ್ರದ ಲೆಕ್ಕ

ವಿಜಯಪುರದ ಇಬ್ರಾಹೀಂ ರೋಜಾ ನೋಡಿದವರಿಗೆ ಅಲ್ಲಿನ ಕಲ್ಲಿನ ಜಾಲಂಧ್ರಗಳು ನೆನಪಿರಬಹುದು. ಅರಬಿ ಅಕ್ಷರಗಳನ್ನೇ ಕೊರೆದು ಬೆಳಕು ಒಳಗೆ ಬರುವಂತೆ ಮಾಡಿದ್ದಾರೆ. ಸ್ಪೇನಿನ ಅಲ್‌ಹಂಬ್ರದ ಗೋಡೆಗಳ ತುಂಬ ರೇಖಾಗಣಿತದ ನಕ್ಷೆಗಳು. ಇಂಥ ನಕ್ಷೆಗಳಿಗೆ ಹಳೆಯ ಕುಶಲಕರ್ಮಿಗಳು ಬಳಸಿದ್ದು ಮುಖ್ಯವಾಗಿ ಕೈವಾರ ಮತ್ತು ಅಳತೆಪಟ್ಟಿ. ಅವೆರಡೂ 'ಜಿಯೋಜಿಬ್ರಾ' ಎಂಬ ಆ್ಯಪ್‌ನಲ್ಲಿವೆ. 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಗಣಿತ ಕಲಿಸಲು ಇದನ್ನು ರೂಪಿಸತೊಡಗಿದರು. ಒಂದು ಚೌಕ ಬಿಡಿಸಿ. ಅದೇ ಅಳತೆಯ ಇನ್ನೊಂದು ಚೌಕವನ್ನು ಅದೇ ಕೇಂದ್ರದ ಸುತ್ತ 45 ಡಿಗ್ರಿ ತಿರುಗಿಸಿ. ಎಂಟು ಮೂಲೆಯ ನಕ್ಷತ್ರ ಮೂಡುತ್ತದೆ. ಅದನ್ನೇ ಸಾಲಾಗಿ ಜೋಡಿಸಿದರೆ ದಿಂಬಿನ ಹೊದಿಕೆಗೂ ದುಪಟ್ಟಾದ ಅಂಚಿಗೂ ಕಸೂತಿ ನಕ್ಷೆಯಾಯಿತು. ಮಗಳು ಪಕ್ಕದಲ್ಲಿ ಕುಳಿತರೆ ಅವಳ ಗಣಿತ ಪಾಠವೂ ಆಯಿತು.

ಬರೆಯುವವರಿಗೆ, ಮಾರುವವರಿಗೆ

ಬರೆಯಲು ಸಮಯವಿಲ್ಲ ಎನ್ನುವವರು ಹೇಳಿ ಬರೆಸಿ. ಗೂಗಲ್‌ನ ಧ್ವನಿ ಟೈಪಿಂಗ್ 2017ರಿಂದ ಕನ್ನಡವನ್ನೂ ಬಲ್ಲದು. 'ಜಿಬೋರ್ಡ್' ಕೀಲಿಮಣೆಯಲ್ಲಿ ಕನ್ನಡ ಆರಿಸಿ, ಮೈಕಿನ ಗುರುತು ಒತ್ತಿ ಮಾತನಾಡಿದರೆ ಅಕ್ಷರಗಳು ಮೂಡುತ್ತವೆ. ತಪ್ಪುಗಳಿರುತ್ತವೆ, ಆಮೇಲೆ ತಿದ್ದಿಕೊಳ್ಳಿ. ಒಲೆಯ ಮುಂದೆ ನಿಂತೇ ಅಜ್ಜಿಯ ಅಡುಗೆ ವಿಧಾನಗಳನ್ನು ದಾಖಲಿಸಬಹುದು. ಅಜ್ಜಿ ಹೇಳುವ ಹಳೆಯ ಸಂಗತಿಗಳನ್ನು ಇಂದೇ ಬರೆದಿಟ್ಟುಕೊಳ್ಳಿ. ನಾಳೆ ಕೇಳಲು ಅಜ್ಜಿ ಇರಬೇಕಲ್ಲವೇ?

ಮನೆಯಲ್ಲೇ ತಿಂಡಿ, ಉಡುಪು ತಯಾರಿಸಿ ಮಾರುವವರು 'ಸ್ನ್ಯಾಪ್‌ಸೀಡ್'ನಲ್ಲಿ ಫೋಟೋ ತಿದ್ದಬಹುದು. ಇದು ಗೂಗಲ್‌ನದು, ಜಾಹೀರಾತಿಲ್ಲ. ಬೆಲೆಪಟ್ಟಿ, ಆಮಂತ್ರಣ ಪತ್ರಗಳಿಗೆ 'ಕ್ಯಾನ್ವಾ' ಸುಲಭ. ಅದರಲ್ಲಿ ಕನ್ನಡ ಅಕ್ಷರಗಳೂ ಇವೆ. ಕಿರೀಟದ ಗುರುತಿರುವ ಚಿತ್ರಗಳಿಗೆ ಮಾತ್ರ ಹಣ ಕೊಡಬೇಕು, ಅವುಗಳನ್ನು ಬಿಟ್ಟುಬಿಡಿ.

ಐದರಿಂದ ಏಳು ವರ್ಷದ ಮಕ್ಕಳಿದ್ದರೆ 'ಸ್ಕ್ರ್ಯಾಚ್ ಜೂನಿಯರ್' ಕೊಡಿ. ಚಿತ್ರಗಳನ್ನು ತಾವೇ ಓಡಿಸಿ, ಕುಣಿಸಿ ಕಥೆ ಕಟ್ಟುತ್ತಾರೆ. ಬರಿದೇ ನೋಡುತ್ತಾ ಕೂರುವ ಮಗು ಏನನ್ನಾದರೂ ಮಾಡುವ ಮಗುವಾಗುತ್ತದೆ.

'ಉಚಿತ'ದ ಬಗ್ಗೆ ಎಚ್ಚರ

ಆ್ಯಪ್ ಉಚಿತ ಎಂದ ಮಾತ್ರಕ್ಕೆ ಎಲ್ಲವೂ ಉಚಿತವಲ್ಲ. 'ಏಳು ದಿನ ಉಚಿತ' ಎನ್ನುವ ಆ್ಯಪ್ ಕಾರ್ಡಿನ ವಿವರ ಕೇಳಿದರೆ ಎಂಟನೆಯ ದಿನ ಹಣ ಹೋಗುತ್ತದೆ ಎಂದೇ ತಿಳಿಯಿರಿ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಖಾತೆಯ ಚಂದಾ ವಿಭಾಗಕ್ಕೆ ಹೋಗಿ ಅದನ್ನು ರದ್ದು ಮಾಡಬೇಕು. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಟ್ಟರೆ ಮಕ್ಕಳು ತಿಳಿಯದೆ ಒತ್ತುವ ಭಯವಿರುವುದಿಲ್ಲ. ಚಿತ್ರ ಬಿಡಿಸುವ ಆ್ಯಪ್ ನಿಮ್ಮ ಫೋನ್ ಪುಸ್ತಕದ ಸಂಖ್ಯೆಗಳನ್ನು ಕೇಳಿದರೆ ಅನುಮತಿ ಕೊಡಬೇಡಿ. ಅದಕ್ಕೆ ಅವು ಏಕೆ ಬೇಕು?

ಕೊನೆಯದಾಗಿ ನನ್ನದೇ ಅನುಭವ. ಎರಡು ತಿಂಗಳು ರಾತ್ರಿ ಎಲ್ಲರೂ ಮಲಗಿದ ಮೇಲೆ ಕುಳಿತು ಬಿಡಿಸಿದ ವಿನ್ಯಾಸಗಳನ್ನು ನಾನು ಆ್ಯಪ್‌ನೊಳಗೇ ಬಿಟ್ಟಿದ್ದೆ. ಒಂದು ದಿನ ಆಟಕ್ಕೆ ಜಾಗ ಸಾಲದೆಂದು ಮಗ ಆ ಆ್ಯಪ್ ಅನ್ನೇ ತೆಗೆದುಹಾಕಿದ. ಅದರೊಂದಿಗೆ ಎಲ್ಲವೂ ಹೋಯಿತು. ನಾನು ಅತ್ತದ್ದನ್ನು ನೋಡಿ ಅವನಿಗೆ ಆಶ್ಚರ್ಯ. "ಅಮ್ಮಾ, ಅದು ನಿನ್ನದು ಎಂದು ನನಗೆ ಗೊತ್ತೇ ಇರಲಿಲ್ಲ" ಎಂದ. ತಪ್ಪು ಅವನದಲ್ಲ. ಅದು ನನ್ನ ಕೆಲಸ ಎಂದು ಮನೆಯಲ್ಲಿ ಯಾರಿಗೂ ನಾನು ಹೇಳಿರಲೇ ಇಲ್ಲ.

ಆದ್ದರಿಂದ ಎರಡು ಕೆಲಸ ಮಾಡಿ. ಚಿತ್ರ ಮುಗಿದೊಡನೆ ಅದನ್ನು ಆ್ಯಪ್‌ನಿಂದ ಹೊರತೆಗೆದು ಗೂಗಲ್ ಡ್ರೈವ್‌ನಲ್ಲೋ ಮೆಮೊರಿ ಕಾರ್ಡಿನಲ್ಲೋ ಇನ್ನೊಂದು ಪ್ರತಿ ಇಡಿ. ದಿನಕ್ಕೆ ಅರ್ಧ ಗಂಟೆ ಟ್ಯಾಬ್ಲೆಟ್ ನಿಮ್ಮದು ಎಂದು ಮನೆಯವರಿಗೆ ತಿಳಿಸಿ. ಮೊದಲನೆಯದನ್ನು ಇಂದೇ ಮಾಡಬಹುದು. ಎರಡನೆಯದಕ್ಕೆ ಸ್ವಲ್ಪ ಧೈರ್ಯ ಬೇಕು.