ಮನೆಯಲ್ಲೇ ಕುಳಿತ ಹೊರರೋಗಿ

ಜ್ವರ ಬಂದು ಹೋಗುವ ನೆಂಟ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಒಮ್ಮೆ ಬಂದರೆ ಮನೆಯಲ್ಲೇ ಒಕ್ಕಲು ಹೂಡುತ್ತವೆ. ಅವುಗಳೊಡನೆ ಬಾಳುವೆ ಮಾಡಬೇಕು. ನಮ್ಮ ಹೊರರೋಗಿ ವಿಭಾಗಗಳ ನಡವಳಿಯಾದರೋ ಇಂದಿಗೂ ಜ್ವರದವರಿಗೆ ಒಪ್ಪುವಂಥದು: ಸಾಲಿನಲ್ಲಿ ನಿಲ್ಲು, ಚೀಟಿ ಪಡೆ, ಮದ್ದು ಕೊಂಡು ಹೋಗು. ಮೂರು ತಿಂಗಳಿಗೊಮ್ಮೆ ಐದು ನಿಮಿಷ ವೈದ್ಯರೆದುರು ಕುಳಿತು ಬರುವವರ ಉಳಿದ ದಿನಗಳು ಯಾರ ಕಣ್ಣಿಗೂ ಬೀಳವು. ಕಾಯಿಲೆ ತನ್ನ ಕೆಲಸ ನಡೆಸುವುದು ಆ ದಿನಗಳಲ್ಲಿಯೇ.

ರಕ್ತದೊತ್ತಡವನ್ನೇ ನೋಡೋಣ. ಬಸ್ಸಿನಲ್ಲಿ ನಿಂತು ಬಂದು, ಮೆಟ್ಟಿಲು ಹತ್ತಿ, ಬಿಳಿಯ ನಿಲುವಂಗಿಯನ್ನು ಕಂಡೊಡನೆ ಕೆಲವರಲ್ಲಿ ಅದು ತಾನಾಗಿ ಏರುತ್ತದೆ. ಆ ಒಂದು ಅಂಕಿಯನ್ನು ನಂಬಿ ಮಾತ್ರೆ ಹೆಚ್ಚಿಸಿದರೆ ಮನೆಯಲ್ಲಿ ತಲೆ ಸುತ್ತೀತು. ಮತ್ತೆ ಕೆಲವರಲ್ಲಿ ವೈದ್ಯರೆದುರು ಸೌಮ್ಯವಾಗಿದ್ದ ಒತ್ತಡ ಮನೆಯಲ್ಲಿ ಹೆಡೆಯೆತ್ತುತ್ತದೆ. ಐದು ನಿಮಿಷ ಸುಮ್ಮನೆ ಕುಳಿತು, ತೋಳಿಗೆ ಪಟ್ಟಿ ಸುತ್ತುವ ಚಿಕ್ಕ ಯಂತ್ರದಿಂದ ಬೆಳಿಗ್ಗೆ ಸಂಜೆ ಅಳೆದ ಒಂದು ವಾರದ ಅಂಕಿಗಳನ್ನು ಮೊಬೈಲಿನಲ್ಲಿ ಕಳುಹಿಸಿದರೆ, ವೈದ್ಯರ ಕೈಗೆ ರೋಗಿಯ ದಿನಚರಿಯೇ ಸಿಕ್ಕಿದಂತೆ.

ಭಾರತದಲ್ಲಿ ಇಂಥ ದೂರವೈದ್ಯಕ್ಕೆ ಸ್ಪಷ್ಟ ಮಾರ್ಗಸೂಚಿ ಬಂದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನ್ ಆರಂಭವಾದ ದಿನವೇ. ಅದರಂತೆ, ಎದುರಿನಲ್ಲಿ ಪರೀಕ್ಷಿಸಿದ್ದ ವೈದ್ಯರನ್ನೇ ಅದೇ ಕಾಯಿಲೆಗಾಗಿ ಆರು ತಿಂಗಳೊಳಗೆ ದೂರದಿಂದ ಕಂಡರೆ ಅದು ಮುಂದುವರಿದ ಭೇಟಿ; ಹಿಂದಿನ ಔಷಧಗಳನ್ನು ಅವರು ಮತ್ತೆ ಬರೆದುಕೊಡಬಹುದು. ಮಾದಕ ವರ್ಗದ ಔಷಧಗಳನ್ನು ಮಾತ್ರ ಬರೆಯುವಂತಿಲ್ಲ. ಅದೇ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಇ-ಸಂಜೀವನಿಯ ಹೊರರೋಗಿ ಸೇವೆ ಮನೆಮನೆಯ ಫೋನಿಗೆ ಬಂತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಿಬ್ಬಂದಿಯೇ ರೋಗಿಯ ಪಕ್ಕದಲ್ಲಿ ಕುಳಿತು ದೂರದ ವೈದ್ಯರೊಡನೆ ಮಾತನಾಡಿಸುವ ಏರ್ಪಾಡು 2019ರಲ್ಲೇ ತೊಡಗಿತ್ತು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ. ಕಣ್ಣು ಮಂಜಾದ ಅಜ್ಜಿಗೆ ಪರದೆಯ ಮೇಲಿನ ಅಕ್ಷರ ಕಾಣದಿದ್ದರೂ ಅವಳ ಚಿಕಿತ್ಸೆ ನಿಲ್ಲುವುದಿಲ್ಲ.

ದೂರದ ಮಾತಿಗೆ ಮಿತಿಯುಂಟು. ನಾನೂ ಈಗ ನಿಮಗೆ ಕಾಣದೆಯೇ ಮಾತನಾಡುತ್ತಿದ್ದೇನಷ್ಟೆ! ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶಜ್ಞಾನ ಉಡುಗಿದೆಯೇ ಎಂಬುದನ್ನು ಮುಟ್ಟಿಯೇ ತಿಳಿಯಬೇಕು. ಕಣ್ಣಿನ ಒಳಪರದೆಯನ್ನು ಉಪಕರಣ ಹಿಡಿದೇ ನೋಡಬೇಕು. ಈ ಎರಡಕ್ಕಾಗಿ ವರ್ಷಕ್ಕೊಮ್ಮೆಯಾದರೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಅಗತ್ಯ. ಎದೆ ಹಿಂಡಿದರೆ, ಮಾತು ತೊದಲಿದರೆ, ಪರದೆಯ ಮುಂದೆ ಸರದಿಗಾಗಿ ಕಾಯುತ್ತ ಕೂರಬಾರದು. ಕೂಡಲೇ 108ಕ್ಕೆ ಕರೆಮಾಡಬೇಕು.

ಕಳುಹಿಸಿದ ಅಂಕಿಯನ್ನು ಆ ಕಡೆಯಲ್ಲಿ ಓದುವವರೂ ಇರಬೇಕಲ್ಲವೆ? ಯಾವ ದಿನ ಯಾರು ನೋಡುತ್ತಾರೆ, ಏರುಪೇರಾದಾಗ ಯಾರು ಕರೆಯುತ್ತಾರೆ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ, ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ.